ಅದು ಹಠ ಅಲ್ರಿ, ಕೇಳಾಕತ್ತೈತಿ

ಕುದುರೆ ಏರಿದವರು ಇಳಿಯುವುದಕ್ಕೆ ಕಷ್ಟಪಡುವುದನ್ನು ನೋಡಿದ್ದೇನೆ. ನನ್ನದು ಉಲ್ಟಾ. ನಾಲ್ಕು ತಿಂಗಳಿಂದ ಒಂದು ಕುದುರೆ ನನ್ನ ತಲೆ ಏರಿ ಕೂತಿದೆ, ಇಳಿಯುತ್ತಿಲ್ಲ.

ಅಣ್ಣನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಐದು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ನಮ್ಮ ಮನೆತನದಲ್ಲಿ ಕುದುರೆ ಏರಿದವರು ಅಂದರೆ ಬಾಸಿಂಗ ಕಟ್ಟಿಕೊಂಡು, ಹೆದರಿದ್ದು ಗೊತ್ತಾಗಬಾರದು ಅಂತ ಮೀಸೆಯೊಳಗೇ ನಗುತ್ತ ಕೂತ ಮದುಮಕ್ಕಳು ಮಾತ್ರ. ಹಾಗಾಗಿ ಈ ಹುಡುಗಿ ನಮಗೆಲ್ಲ ಸ್ವಲ್ಪ ಹೆಮ್ಮೆ, ಸ್ವಲ್ಪ ಭಯ. "ಕಾಕಾ, ಒಮ್ಮೆರೆ ಬಂದು ನೋಡ್ರಿ, ನನ್ನ ಷೋ ಜಂಪಿಂಗ್ ಐತಿ" ಅಂತ ಫೋನ್ ಮಾಡಿದಳು. ಲೈನ್ ಬಜಾರಿನಲ್ಲಿ ಒಂದು ಕಿಲೋ ಪೇಡೆ ಕಟ್ಟಿಸಿಕೊಂಡು ಧಾರವಾಡದಿಂದ ರೈಲು ಹತ್ತಿದೆ.

ಬೆಂಗಳೂರಿನ ಹೊರಗೊಂದು ಮೈದಾನ. ಮರಳು ಹಾಕಿದ ಅಂಗಳದಲ್ಲಿ ಹತ್ತು ಅಡ್ಡಗಟ್ಟು. ಅವರು ಫೆನ್ಸ್ ಅಂತಾರೆ, ನಾನು ಬೇಲಿ ಅಂತೀನಿ. ಅವಳ ವಿಭಾಗದಲ್ಲಿ ಎತ್ತರ 90 ಸೆಂಟಿಮೀಟರ್. ಒಂದು, ಎರಡು, ಮೂರು, ನಾಲ್ಕು ಚೆಂದಾಗಿ ಹಾರಿತು ಕುದುರೆ. ಐದನೆಯದರ ಮುಂದೆ ಬಂದು ಗಕ್ಕನೆ ನಿಂತಿತು. ನಾಲ್ಕೂ ಕಾಲು ಮರಳಿನಲ್ಲಿ ಊರಿ, ಕುತ್ತಿಗೆ ಎತ್ತಿ. ಹುಡುಗಿ ಜೀನಿನಿಂದ ಜಾರಿ ಕುತ್ತಿಗೆಗೆ ಬಂದು ಬಿದ್ದಳು, ಹೇಗೋ ತಬ್ಬಿಕೊಂಡು ಉಳಿದಳು. ನನ್ನ ಪಕ್ಕದಲ್ಲಿ ಟೋಪಿ ಹಾಕಿಕೊಂಡು ಸಮೋಸಾ ತಿನ್ನುತ್ತಿದ್ದ ಒಬ್ಬರು "ಹಠಮಾರಿ ಕುದುರೆ" ಅಂದರು. ನಾನೂ ಹೌದು ಅನ್ನುವಂತೆ ತಲೆ ಆಡಿಸಿದೆ.

ಕುದುರೆ ನಿಂತದ್ದು ನನ್ನನ್ನು ಇಷ್ಟು ಕಾಡುತ್ತಿಲ್ಲ. ನಾನು ತಲೆ ಆಡಿಸಿದ್ದು ಕಾಡುತ್ತಿದೆ. ಯಾಕಂದರೆ ನನಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ನಲವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ಧಾರವಾಡದ ಓಣಿಯೊಂದರಲ್ಲಿ ನನಗೆ ಅದನ್ನು ಕಲಿಸಿದ್ದ.

ಟಾಂಗಾ ನಿಂತ ದಿನ

ನಾನಾಗ ನಾಲ್ಕನೇ ಇಯತ್ತೆ. ಮಾಳಮಡ್ಡಿಯಿಂದ ನಾವು ಆರು ಹುಡುಗರು ಟಾಂಗಾದಲ್ಲಿ ಸಾಲಿಗೆ ಹೋಗುತ್ತಿದ್ದೆವು. ಮುಂದೆ ಇಬ್ಬರು, ಹಿಂದೆ ನಾಲ್ವರು. ಹಿಂದೆ ಕೂತವರ ಕಾಲು ಹೊರಗೆ ತೂಗಾಡುತ್ತಿದ್ದವು. ಮುಂದಿನ ಜಾಗಕ್ಕೆ ದಿನಾ ಜಗಳ. ಟಾಂಗಾ ಹೊಡೆಯುವ ಚಾಚಾನ ಪಕ್ಕ ಕೂತರೆ ಕುದುರೆಯ ಬೆನ್ನು, ಬಾಲ, ಆಮೇಲೆ ಆಗಾಗ ಲದ್ದಿ ಬೀಳುವ ಅಪರೂಪದ ದೃಶ್ಯ, ಎಲ್ಲ ಹತ್ತಿರದಿಂದ ಸಿಗುತ್ತಿತ್ತು. ಸಣ್ಣ ಕುದುರೆ ಅದು, ಕಂದು ಬಣ್ಣ, ಹಣೆಯ ಮೇಲೊಂದು ಬಿಳಿ ಮಚ್ಚೆ. ಕಣ್ಣಿನ ಎರಡೂ ಕಡೆ ಚರ್ಮದ ಕಣ್ಣಪಟ್ಟಿ. ದಾರಿ ಎಷ್ಟು ಬಾಯಿಪಾಠವಾಗಿತ್ತು ಅಂದರೆ ಚಾಚಾ ತೂಕಡಿಸಿದರೂ ಟಾಂಗಾ ಸಾಲಿ ಮುಟ್ಟುತ್ತಿತ್ತು.

ಒಂದು ದಿನ ಓಣಿಯ ತಿರುವಿನಲ್ಲಿ ನಿಂತುಬಿಟ್ಟಿತು. ದಿನಾ ಹೋಗುವ ದಾರಿ, ಮುಂದೆ ಏನೂ ಇಲ್ಲ. ಚಾಚಾ ನಾಲಿಗೆಯಿಂದ ಟಕ್ ಟಕ್ ಅಂದ. ಊಹೂಂ. ಕಿವಿ ಎರಡೂ ಮುಂದಕ್ಕೆ ಚೂಪಾಗಿ ನಿಂತಿದ್ದವು. ಹಿಂದಿನಿಂದ ಬಂದ ಸೈಕಲ್ಲಿನವ "ಏ ಚಾಚಾ, ನಿನ್ ಕುದುರಿಗೆ ಸೊಕ್ಕ ಬಂದೈತಿ, ಎರಡ ಬಿಗಿ" ಅಂದ. ಚಾಬೂಕು ಪಕ್ಕದಲ್ಲೇ ಇತ್ತು. ಚಾಚಾ ಅದನ್ನು ಮುಟ್ಟಲಿಲ್ಲ. ಲಗಾಮು ಸಡಿಲ ಬಿಟ್ಟು ಕೆಳಗಿಳಿದ. ಕುದುರೆಯ ಕುತ್ತಿಗೆ ಮೇಲೆ ಕೈ ಹಾಕಿ, ಬಗ್ಗಿ, ತನ್ನ ಕೆನ್ನೆಯನ್ನು ಅದರ ಕೆನ್ನೆಗೆ ತಾಗಿಸಿ ಅದು ನೋಡುತ್ತಿದ್ದ ಕಡೆ ನೋಡಿದ. ಸುಮಾರು ಹೊತ್ತು ಹಾಗೇ ಇದ್ದ. ಆಮೇಲೆ "ಅದು ಹಠ ಅಲ್ರಿ, ಕೇಳಾಕತ್ತೈತಿ" ಅಂದ. ಸೈಕಲ್ಲಿನವನಿಗೆ ಅಂದನೋ ನಮಗೆ ಅಂದನೋ ಗೊತ್ತಿಲ್ಲ.

ಮುಂದೆ ಹೋಗಿ ನೋಡಿದರೆ ಒಂದು ಮನೆಯ ಕಟ್ಟೆಯ ಮೇಲೆ ಹೊಸ ಸ್ಟೀಲ್ ಪರಾತ. ತೊಳೆದು ಗೋಡೆಗೆ ಒರಗಿಸಿ ಒಣಗಲು ಇಟ್ಟಿದ್ದರು. ಬೆಳಗಿನ ಬಿಸಿಲು ಅದಕ್ಕೆ ಬಿದ್ದು ನೇರ ಕುದುರೆಯ ಮುಖಕ್ಕೆ ಹೊಡೆಯುತ್ತಿತ್ತು. ಟಾಂಗಾದ ಮೇಲೆ ಕೂತ ನಮಗೆ ಅದು ಕಾಣುತ್ತಲೇ ಇರಲಿಲ್ಲ. ಚಾಚಾ ಪರಾತ ಬೋರಲು ಹಾಕಿದ. ಹಾಕಿ ಸುಮ್ಮನಾಗಲಿಲ್ಲ. ಕುದುರೆಯನ್ನು ನಡೆಸಿಕೊಂಡು ಹೋಗಿ ಅದಕ್ಕೆ ಪರಾತ ಮೂಸಿಸಿದ. ಅದು ಒಮ್ಮೆ ಫುರ್ರ್ ಅಂತ ಮೂಗಿನಿಂದ ಉಸಿರು ಬಿಟ್ಟಿತು. ಮುಗಿಯಿತು. ಟಾಂಗಾ ಹೊರಟಿತು.

ಸಾಲಿಗೆ ತಡ. ಮಾಸ್ತರು ಕಾರಣ ಕೇಳಿದಾಗ ನಮ್ಮಲ್ಲೊಬ್ಬ ಬಹಳ ಗಂಭೀರವಾಗಿ "ಕುದುರಿ ಕೇಳಾಕತ್ತಿತ್ರಿ ಸರ್" ಅಂದ. ಎಲ್ಲರಿಗೂ ಒಂದೊಂದು ಏಟು, ಅವನಿಗೆ ಎರಡು.

ಪ್ರಶ್ನೆಪತ್ರಿಕೆ ನೋಡದ ಸ್ಪರ್ಧಿ

ಬೆಂಗಳೂರಿನ ಆ ದಿನಕ್ಕೆ ಬರುತ್ತೇನೆ. ಸ್ಪರ್ಧೆ ಶುರುವಾಗುವ ಮುಂಚೆ ಸವಾರರೆಲ್ಲ ಕಾಲ್ನಡಿಗೆಯಲ್ಲಿ ಅಂಗಳ ಸುತ್ತುತ್ತಾರೆ. ಕೋರ್ಸ್ ವಾಕ್ ಅಂತ ಹೆಸರು. ಹತ್ತೂ ಬೇಲಿ ಮುಟ್ಟಿ ನೋಡುತ್ತಾರೆ, ಎಲ್ಲಿ ತಿರುಗಬೇಕು, ಎಲ್ಲಿ ವೇಗ ಕಡಿಮೆ ಮಾಡಬೇಕು ಅಂತ ಲೆಕ್ಕ ಹಾಕುತ್ತಾರೆ. ಎರಡು ಬೇಲಿಗಳ ನಡುವಿನ ದೂರವನ್ನು ಹೆಜ್ಜೆಯಿಂದ ಅಳೆಯುತ್ತಾರೆ. ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ ಅಂದರೆ ಕುದುರೆಯ ಒಂದು ನೆಗೆತದ ಹೆಜ್ಜೆ, ಸುಮಾರು 3.6 ಮೀಟರ್. ನಮ್ಮ ಹುಡುಗಿ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು, ಪರೀಕ್ಷೆ ಹಾಲಿನ ಹೊರಗೆ ನಿಂತು ಕೊನೇ ಸಲ ಪುಸ್ತಕ ತಿರುವುವ ಮಕ್ಕಳ ಹಾಗೆ.

ಕುದುರೆ ಮಾತ್ರ ಆಗ ಅಲ್ಲಿರುವುದಿಲ್ಲ. ಅದನ್ನು ಕರೆತಂದು ಬೇಲಿ ತೋರಿಸುವಂತೆಯೂ ಇಲ್ಲ, ನಿಯಮ ಬಿಡುವುದಿಲ್ಲ. ಗಂಟೆ ಬಾರಿಸುತ್ತಾರೆ, 45 ಸೆಕೆಂಡಿನೊಳಗೆ ಹೊರಡಬೇಕು. ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ ಬಾವುಟ, ನಡುವೆ ಹಾರಬೇಕು. ಎಲ್ಲ ಗೊತ್ತಿರುವುದು ಮೇಲೆ ಕೂತವಳಿಗೆ. ಹಾರಬೇಕಾದ್ದು ಕೆಳಗಿನದು. ಎಡಕ್ಕೋ ಬಲಕ್ಕೋ, ಎತ್ತರವೋ ಅಗಲವೋ, ಮೂರನೆಯದಾದ ಮೇಲೆ ನಾಲ್ಕನೆಯದು ಎಲ್ಲಿದೆ, ಅದಕ್ಕೆ ಏನೇನೂ ಗೊತ್ತಿಲ್ಲ. ಒಂದೊಂದು ಬೇಲಿಯೂ ತಿರುವಿನಲ್ಲಿ ಧುತ್ತೆಂದು ಎದುರಾಗುತ್ತದೆ.

ಇಷ್ಟಾಗಿ ಅದು ನಿಂತರೆ ನಿಯಮದ ಪುಸ್ತಕದಲ್ಲಿ ಅದಕ್ಕಿರುವ ಹೆಸರೇನು ಗೊತ್ತೇ? ಡಿಸ್‌ಒಬೀಡಿಯನ್ಸ್. ಅವಿಧೇಯತೆ. ಬೇಲಿಯ ಗಳ ಬಿದ್ದರೆ 4 ದಂಡದ ಅಂಕ, ಮೊದಲ ಅವಿಧೇಯತೆಗೂ 4. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಾದರೆ ಎರಡನೆಯದಕ್ಕೆ ಮನೆಗೆ. ಟೋಪಿಯವರ "ಹಠಮಾರಿ" ಅನ್ನುವ ಮಾತಿಗೆ ಹೀಗೆ ಪುಸ್ತಕದ ಬೆಂಬಲವೂ ಇದೆ.

ಒಂದೊಂದು ಕಣ್ಣಿಗೆ ಒಂದೊಂದು ಊರು

ಧಾರವಾಡಕ್ಕೆ ವಾಪಸು ಬಂದ ಮೇಲೆ ಗದಗಿನ ಕಡೆ ದನದ ಡಾಕ್ಟರಾಗಿರುವ ನನ್ನ ಗೆಳೆಯನಿಗೆ ಫೋನ್ ಹಚ್ಚಿದೆ. ಅವನ ಕೈಗೆ ಬರುವುದು ಎಮ್ಮೆ, ಆಕಳು, ಕುರಿಯೇ ಜಾಸ್ತಿ. ಆದರೂ ಓದಿದ್ದನ್ನು ಮರೆಯುವ ಪೈಕಿ ಅಲ್ಲ. "ನೀ ಎರಡೂ ಕಣ್ಣಿಂದ ಒಂದ ಊರ ನೋಡ್ತಿ. ಕುದುರಿ ಒಂದೊಂದ ಕಣ್ಣಿಂದ ಒಂದೊಂದ ಊರ ನೋಡತೈತಿ" ಅಂದ.

ನೆಲದ ಮೇಲಿನ ಪ್ರಾಣಿಗಳಲ್ಲಿ ದೊಡ್ಡ ಕಣ್ಣಿನವುಗಳ ಸಾಲಿನಲ್ಲಿ ಕುದುರೆ ಮುಂದಿದೆ. ಆ ಕಣ್ಣು ತಲೆಯ ಪಕ್ಕಕ್ಕಿದೆ, ಪಾಪೆ ಅಡ್ಡಕ್ಕಿದೆ. ಹುಲ್ಲು ಮೇಯುತ್ತ ತಲೆ ಬಗ್ಗಿಸಿದ್ದರೂ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಹುಲಿ ಯಾವ ಕಡೆಯಿಂದ ಬಂದರೂ ಗೊತ್ತಾಗಬೇಕಲ್ಲ. ಕಾಣದ ಜಾಗ ಎರಡೇ. ಒಂದು ಬಾಲದ ನೇರ ಹಿಂದೆ. ಸಾಹೇಬರ ಮುಂದೆ, ಕುದುರೆ ಹಿಂದೆ ಹೋಗಬಾರದು ಅಂತ ನಮ್ಮ ಆಫೀಸಿನಲ್ಲಿ ಹೇಳುತ್ತಿದ್ದರು. ಸಾಹೇಬರ ವಿಷಯ ಬಿಡಿ, ಕುದುರೆಯ ವಿಷಯದಲ್ಲಿ ಮಾತು ಸರಿಯಾಗಿದೆ. ಕಾಣದ್ದು ಬಂದರೆ ಅದು ಒದೆಯುತ್ತದೆ. ಇನ್ನೊಂದು ಕಾಣದ ಜಾಗ ಹಣೆಯ ನೇರ ಮುಂದೆ, ಮೂಗಿನ ಕೆಳಗೆ. ನಾವು ಪ್ರೀತಿಯಿಂದ ಅಂಗೈ ಮೇಲೆ ಗಜ್ಜರಿ ಇಟ್ಟು ಹಿಡಿಯುತ್ತೇವಲ್ಲ, ಬಾಯಿ ಹತ್ತಿರ ಬಂದ ಮೇಲೆ ಆ ಗಜ್ಜರಿ ಅದಕ್ಕೆ ಕಾಣುವುದಿಲ್ಲ. ತುಟಿಯಿಂದ, ತುಟಿಯ ಸುತ್ತಲಿನ ಕೂದಲಿನಿಂದ ತಡಕಿ ತಿನ್ನುತ್ತದೆ.

ಇದನ್ನು ಕೇಳಿದಾಗ ನನಗೆ ಬೇಲಿ ನೆನಪಾಯಿತು. ದೂರದಿಂದ ಓಡಿ ಬರುವಾಗ ಬೇಲಿ ಕಾಣುತ್ತಿರುತ್ತದೆ. ಹತ್ತಿರ ಬಂದಂತೆ ಅದು ಮೂಗಿನ ಕೆಳಗೆ ಜಾರುತ್ತದೆ. ನೆಲ ಬಿಡುವ ಹೊತ್ತಿಗೆ ಕಣ್ಣಿಂದ ಮರೆಯಾಗಿರುತ್ತದೆ. ಅಂದರೆ ಅದು ಹಾರುವುದು ಕಣ್ಣಿಗೆ ಕಾಣುವ ಬೇಲಿಯನ್ನಲ್ಲ, ಸ್ವಲ್ಪ ಹೊತ್ತಿನ ಹಿಂದೆ ಕಂಡಿದ್ದ ಬೇಲಿಯನ್ನು. ಹೀಗಂತ ಗೊತ್ತಾದ ಮೇಲೆ ಕುದುರೆ ಯಾಕೆ ನಿಂತಿತು ಅನ್ನುವುದಕ್ಕಿಂತ ಉಳಿದ ಒಂಬತ್ತರ ಮುಂದೆ ಯಾಕೆ ನಿಲ್ಲಲಿಲ್ಲ ಅನ್ನುವುದೇ ನನಗೆ ದೊಡ್ಡ ಪ್ರಶ್ನೆಯಾಗಿದೆ.

ಬಣ್ಣದ ಕಥೆಯೂ ಬೇರೆ. ಅದಕ್ಕೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ. ಕೆಂಪು, ಹಸಿರಿನ ಭೇದ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಬೇಲಿ ಹಾರುವ ರೇಸುಗಳಿವೆ. ಅಲ್ಲಿ ಎಷ್ಟೋ ವರ್ಷ ಬೇಲಿಯ ಗುರುತಿಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಕಿತ್ತಳೆ ಎದ್ದು ಕಾಣುತ್ತದೆ ಅಂತ. ಯಾರಿಗೆ? ಎಕ್ಸೆಟರ್ ವಿಶ್ವವಿದ್ಯಾಲಯದವರು ಕುದುರೆಯ ಕಣ್ಣಿನ ಲೆಕ್ಕದಲ್ಲಿ ಪರೀಕ್ಷೆ ಮಾಡಿ, ಆ ಕಿತ್ತಳೆ ಹುಲ್ಲಿನಲ್ಲಿ ಕಲಸಿಹೋಗುತ್ತದೆ, ಬಿಳಿಯೋ ಹೊಳೆಯುವ ಹಳದಿಯೋ ಆಗಬೇಕು ಅಂದರು. 2022ರಿಂದ ಅಲ್ಲಿ ಕಿತ್ತಳೆ ತೆಗೆದು ಬಿಳಿ ಬಳಿಯತೊಡಗಿದರು. ಅಲ್ಲಿಯವರೆಗೆ ಆ ಬಣ್ಣ ಇದ್ದದ್ದು ಟಿಕೆಟ್ ತೆಗೆದುಕೊಂಡು ಕೂತವರಿಗೆ.

ನಮ್ಮ ಹಾನಗಲ್ ಕಡೆ ವೀರಗಲ್ಲುಗಳಲ್ಲಿ ಕುದುರೆ ಸವಾರರನ್ನು ನೋಡಿದ್ದೀರಿ. ಸಾಮಾನ್ಯವಾಗಿ ಕುದುರೆಯನ್ನು ಪಕ್ಕದಿಂದಲೇ ಕೆತ್ತಿರುತ್ತಾರೆ, ಒಂದೇ ಕಣ್ಣು. ಕೆತ್ತಲು ಸುಲಭ ಅಂತಲೇ ಇರಬಹುದು. ಆದರೆ ಈಗ ನೋಡಿದಾಗಲೆಲ್ಲ ಆ ಒಂದು ಕಣ್ಣು ವೀರನ ಯುದ್ಧವನ್ನು ಬಿಟ್ಟು ನಮ್ಮನ್ನೇ ನೋಡುತ್ತಿದೆ ಅನಿಸುತ್ತದೆ.

ಬಾದಲ್‌ನ ಒಂದು ದಿನ

ನಮ್ಮ ಹುಡುಗಿ ಏರುವ ಕುದುರೆಗೆ ಬಾದಲ್ ಅಂತ ಹೆಸರು. ಮೊದಲು ರೇಸಿನಲ್ಲಿ ಓಡುತ್ತಿತ್ತು. ಅಲ್ಲಿ ಬೇಡವಾದ ಕುದುರೆಗಳು ಹೀಗೆ ಸವಾರಿ ಶಾಲೆಗಳಿಗೆ ಬರುವುದು ಮಾಮೂಲು. ಅದನ್ನು ನೋಡಿಕೊಳ್ಳುವ ಸೈಸ್ ಕೊಪ್ಪಳದ ಕಡೆಯ ಹುಡುಗ. ನನ್ನ ಮಾತಿನ ಧಾಟಿ ಕೇಳಿ "ನೀವು ನಮ್ಮ ಕಡೆಯವ್ರರೀ?" ಅಂತ ಹತ್ತಿರ ಬಂದ. ಅವನು ಹೇಳಿದ್ದು, ನಾನು ಕಂಡದ್ದು ಸೇರಿಸಿ ಆ ದಿನವನ್ನು ಬಾದಲ್ ಕಡೆಯಿಂದ ಜೋಡಿಸಲು ಎಷ್ಟೋ ಸಲ ಪ್ರಯತ್ನ ಮಾಡಿದ್ದೇನೆ. ಅದರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವ ಧೈರ್ಯ ನನಗಿಲ್ಲ. ಮೂಗು, ಕಿವಿ, ಕಣ್ಣು, ಚರ್ಮಕ್ಕೆ ಏನೇನು ಬಂದಿರಬೇಕು ಅಷ್ಟನ್ನು ಹೇಳಬಹುದು.

ಕತ್ತಲಿದ್ದಾಗಲೇ ದೀಪ ಹತ್ತಿದೆ. ದಿನಕ್ಕಿಂತ ಬೇಗ ಹುಲ್ಲು ಬಂದಿದೆ. ಆಮೇಲೆ ಕುತ್ತಿಗೆಯ ಕೂದಲನ್ನು ಯಾರೋ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಾರೆ. "ಜಡಿ ಹಾಕಾಕ ಹತ್ತಿದ್ವಿ ಅಂದ್ರ ಅದಕ್ಕ ಗೊತ್ತಾಗತೈತ್ರಿ, ಇವತ್ತ ಊರ ಬಿಟ್ಟ ಹೋಗೂದೈತಿ ಅಂತ" ಅಂದ ಸೈಸ್. ಆ ಹೊತ್ತಿಗೇ ಲದ್ದಿ ತೆಳ್ಳಗಾಗಿರುತ್ತದಂತೆ. ನಮಗೂ ಪರೀಕ್ಷೆ ದಿನ ಹಾಗೇ ಅಲ್ವಾ? ಆಮೇಲೆ ಲಾರಿ. ನಿಂತೇ ಪ್ರಯಾಣ, ಪ್ರತಿ ಬ್ರೇಕಿಗೂ ನಾಲ್ಕು ಕಾಲಿನಿಂದ ತೂಕ ಹಿಡಿಯುವ ಕೆಲಸ. ಇಳಿದರೆ ಗುರುತಿಲ್ಲದ ಜಾಗ. ಇಪ್ಪತ್ತು ಮೂವತ್ತು ಹೊಸ ಕುದುರೆಗಳ ವಾಸನೆ, ಎಲ್ಲಿಂದಲೋ ಕೆನೆತ, ಮೈಕಿನ ಕಿರಿಚಾಟ. ಹೊಸ ಲಾಯದಲ್ಲಿ ಹಿಂದಿದ್ದ ಕುದುರೆಯ ಮೂತ್ರದ ವಾಸನೆ. ಅದನ್ನು ಮೂಸಿ, ಮೇಲ್ದುಟಿ ಮಡಚಿ, ತಲೆ ಎತ್ತಿ ನಿಂತಿತಂತೆ. ನಾವು ಅದಕ್ಕೆ ಕುದುರೆ ನಗುತ್ತಿದೆ ಅಂತ ಫೋಟೋ ತೆಗೆಯುತ್ತೇವೆ. ಅದು ಮಾಡುತ್ತಿರುವುದು ವಾಸನೆಯನ್ನು ಒಳಗೆಳೆದು ಓದುವ ಕೆಲಸ. ನಿನ್ನೆ ಇಲ್ಲಿ ಯಾರಿದ್ದರು ಅಂತ.

ನಾನು ಹೋದಾಗ ನನ್ನ ಕೈಚೀಲವನ್ನೂ ಓದಿತು. ಪೇಡೆ. ಚೀಲದ ಬಾಯಿಗೆ ಮೂಗು ಹಾಕಿ ಬಿಸಿ ಉಸಿರು ಬಿಟ್ಟಿತು. ಧಾರವಾಡದ ಪೇಡೆಗೆ ಇಷ್ಟು ಮರ್ಯಾದೆ ಕೊಟ್ಟ ಬೆಂಗಳೂರಿನವರನ್ನು ನಾನು ಕಂಡಿಲ್ಲ. ಒಂದು ಕೊಡಲು ಹೋದೆ, ಸೈಸ್ ಬೇಡ ಅಂದ.

ಆಮೇಲೆ ಜೀನು, ಹೊಟ್ಟೆಯ ಪಟ್ಟಿ ಬಿಗಿಯುವುದು, ಬಾಯಿಗೆ ತಣ್ಣನೆಯ ಕಬ್ಬಿಣದ ಕಡಿವಾಣ. ಬೆನ್ನ ಮೇಲೆ ಐವತ್ತು ಕಿಲೋದಷ್ಟು ಹುಡುಗಿ. ಒಂದು ನೊಣ ಕೂತರೆ ಅಷ್ಟೇ ಜಾಗದ ಚರ್ಮ ನಡುಗಿಸಿ ಓಡಿಸುವ ಪ್ರಾಣಿ ಅದು. ಆ ಚರ್ಮಕ್ಕೆ ಹುಡುಗಿಯ ತೊಡೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ, ಉಸಿರು ಮೇಲೆ ನಿಂತಿದೆಯೋ ಕೆಳಗಿಳಿದಿದೆಯೋ ಎಲ್ಲ ಗೊತ್ತಾಗುತ್ತದೆ. ಓಡತೊಡಗಿದ ಮೇಲೆ ಒಂದು ನೆಗೆತಕ್ಕೆ ಒಂದು ಉಸಿರು. ಕುದುರೆ ಬಾಯಿಂದ ಉಸಿರಾಡಲಾರದು, ಮೂಗೇ ಗತಿ. ಹಾಗಾಗಿ ದೂರಕ್ಕೂ ಕೇಳಿಸುತ್ತದೆ ಆ ತಾಳ, ಫುಫ್, ಫುಫ್, ಫುಫ್. ಬೇಲಿಯ ಮೇಲೆ ಗಾಳಿಯಲ್ಲಿದ್ದಾಗ ಆ ತಾಳ ನಿಲ್ಲುತ್ತದೆ. ಇಳಿದ ಮೇಲೆ ಮತ್ತೆ ಫುಫ್. ನಾನು ಕಣ್ಣು ಮುಚ್ಚಿ ಬೇರೆ ಕುದುರೆಗಳ ಸುತ್ತನ್ನು ಕೇಳಿದೆ. ಬೇಲಿ ಎಲ್ಲಿದೆ ಅಂತ ಕಿವಿಯಲ್ಲೇ ಹೇಳಬಹುದು.

ಐದನೆಯದು

ಬಾದಲ್ ನಿಂತಿತು ಅಂದೆನಲ್ಲ. ಹುಡುಗಿ ಕುತ್ತಿಗೆಯಿಂದ ಹಿಂದಕ್ಕೆ ಸರಿದು ಜೀನಿನಲ್ಲಿ ಕೂತಳು. ಬೆತ್ತ ಕೈಯಲ್ಲಿತ್ತು, ಎತ್ತಲಿಲ್ಲ. ದೊಡ್ಡದೊಂದು ಸುತ್ತು ಹೊಡೆದು ಮತ್ತೆ ತಂದಳು. ಈ ಸಲ ಬೇಲಿಗಿಂತ ಒಂದಡಿ ಜಾಸ್ತಿಯೇ ಎತ್ತರಕ್ಕೆ ಹಾರಿತು. ಉಳಿದ ಐದೂ ಹಾರಿತು. 4 ದಂಡ, ಮೇಲೆ ಹೊತ್ತು ಮೀರಿದ್ದಕ್ಕೆ ಬೇರೆ. ಬಹುಮಾನ ಇಲ್ಲ.

ಎಲ್ಲ ಮುಗಿದು ಬೇಲಿ ಬದಲಿಸುವ ಹೊತ್ತಿನಲ್ಲಿ ನಾನು ಹಗ್ಗದ ಹೊರಗಿನಿಂದ ಐದನೆಯದರ ಎದುರಿಗೆ ಹೋಗಿ ನಿಂತೆ. ಚಾಚಾನ ನೆನಪಾಗಿ ಮೊಣಕಾಲ ಮೇಲೆ ಕೈ ಇಟ್ಟು ಬಗ್ಗಿ ನೋಡಿದೆ. ಹಿಂದಿನಿಂದ ಹುಡುಗಿ ಬಂದು "ಯಾಕ ಬಗ್ಗೀರಿ ಕಾಕಾ? ಬಾದಲ್ ಕಣ್ಣು ನಿಮಗಿಂತ ಎತ್ತರದಾಗ ಐತಿ" ಅಂದಳು. ನಿಜ. ಟಾಂಗಾ ಕುದುರೆ ಗಿಡ್ಡ, ಇದು ಕತ್ತೆತ್ತಿದರೆ ನನ್ನ ತಲೆ ದಾಟುತ್ತದೆ. ನಾಚಿಕೆಯಾಗಿ ನೆಟ್ಟಗಾದೆ.

ನೆಟ್ಟಗಾದಾಗ ಕಂಡದ್ದು ನೆರಳು. ಅಂಗಳದ ಆ ಮೂಲೆಯ ಹೊರಗೊಂದು ದೊಡ್ಡ ಮಳೆಮರ. ಅದರ ನೆರಳು ಸರಿಯಾಗಿ ಐದನೆಯ ಬೇಲಿಯ ಮುಂದೆ ಬಿದ್ದು ಬಿಳಿ ಮರಳನ್ನು ಕತ್ತರಿಸಿತ್ತು. ಈ ಕಡೆ ಕಣ್ಣು ಕುಕ್ಕುವ ಬಿಸಿಲು, ಆ ಕಡೆ ಕತ್ತಲು. ಕತ್ತಲಿನೊಳಗೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟೆಗಳು, ನೆಲದ ಮೇಲೆ ಇನ್ನೂ ನಾಲ್ಕು ಗಳ ಇಟ್ಟ ಹಾಗೆ. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು ಅಂತ ಗದಗಿನ ಗೆಳೆಯ ಆಮೇಲೆ ಹೇಳಿದ. ಹುಡುಗಿಗೆ ಕೇಳಿದೆ, "ನೀ ಮುಂಜಾನೆ ನಡದ ನೋಡಿದಾಗ ಈ ನೆಳ್ಳ ಇತ್ತೇನ?" ಅವಳು ಯೋಚಿಸಿ ಹೇಳಿದಳು, "ಇಲ್ಲ ಕಾಕಾ. ಮುಂಜಾನೆ ಮಾಡ ಇತ್ತಲ್ಲ." ಏಳು ಗಂಟೆಗೆ ಮೋಡ ಕವಿದಿತ್ತು. ಸವಾರರು ಯಾರೂ ಆ ನೆರಳನ್ನು ನೋಡಿರಲೇ ಇಲ್ಲ. ಅದನ್ನು ಮೊದಲು ನೋಡಿದ್ದು ಕುದುರೆಗಳು.

ಕೇಸ್ ಇಲ್ಲಿಗೆ ಮುಗಿಯಿತು ಅಂತ ಬೀಗುತ್ತಿದ್ದೆ. ಆದರೆ ಆ ವಿಭಾಗದಲ್ಲಿ ಹತ್ತೊಂಬತ್ತು ಕುದುರೆ ಓಡಿದ್ದವು, ಐದನೆಯದರಲ್ಲಿ ನಿಂತದ್ದು ಮೂರು. ಹದಿನಾರು ಅದೇ ನೆರಳನ್ನು ಹಾರಿದವು. ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಇನ್ನೊಂದು ಮಾತು ಹೇಳಿದಳು. ನಾಲ್ಕನೆಯದು ಹಾರಿ ಇಳಿದಾಗ ಅವಳ ಬಲಗಾಲು ಜೀನಿನ ಪಕ್ಕದ ರಿಕಾಪಿನಿಂದ ಜಾರಿತಂತೆ. ಹುಡುಕಿ ಸಿಕ್ಕಿಸಿಕೊಳ್ಳುವುದರೊಳಗೆ ಐದನೆಯದು ಬಂದಿತ್ತು. "ನನಗ ಆಗೂದಿಲ್ಲ ಅನಿಸ್ತು ಕಾಕಾ. ಒಂದ ಸೆಕೆಂಡ್ ಅಷ್ಟ." ಹೊರಗಿನಿಂದ ನೋಡಿದವರಿಗೆ, ಅವಳ ಕೋಚ್‌ಗೆ, ಯಾರಿಗೂ ಅದು ಗೊತ್ತಾಗಿರಲಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಕಾಲು ಕುಟ್ಟಿ ಉತ್ತರ ಹೇಳುತ್ತಿತ್ತು. ಊರೇ ಬೆರಗಾಗಿತ್ತು. 1907ರಲ್ಲಿ ಪ್ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಗುಟ್ಟು ಹಿಡಿದ. ಉತ್ತರ ಗೊತ್ತಿರುವವರು ಎದುರಿಗಿದ್ದರೆ ಮಾತ್ರ ಹಾನ್ಸ್‌ಗೆ ಉತ್ತರ ಬರುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. ಕುದುರೆ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಹಾಗಾದರೆ ಲೆಕ್ಕ ಬರುವುದಿಲ್ಲ ಅಂತ ಜನಕ್ಕೆ ನಿರಾಸೆಯಾಯಿತು. ನನಗಂತೂ ಲೆಕ್ಕ ಬರುವುದಕ್ಕಿಂತ ಇದೇ ದೊಡ್ಡ ವಿದ್ಯೆ ಅನಿಸುತ್ತದೆ. ಎದುರಿಗೆ ನಿಂತವರ ತಲೆಯನ್ನೇ ಹಾಗೆ ಓದುವ ಪ್ರಾಣಿಗೆ ಬೆನ್ನ ಮೇಲಿನ ಹುಡುಗಿಯ ಒಂದು ಸೆಕೆಂಡಿನ "ಆಗೂದಿಲ್ಲ" ಓದುವುದು ಯಾವ ಮಹಾ.

ಹಾಗಾಗಿ ಅದು ನೆರಳನ್ನು ಕೇಳಿತೋ ಹುಡುಗಿಯನ್ನು ಕೇಳಿತೋ, ನನಗೆ ಇನ್ನೂ ತೀರ್ಮಾನವಾಗಿಲ್ಲ. ಎರಡನ್ನೂ ಸೇರಿಸಿ ಕೇಳಿರಬಹುದು. ಮುಂದೆ ಕತ್ತಲಿದೆ, ಮೇಲಿರುವವಳಿಗೆ ಧೈರ್ಯವಿಲ್ಲ, ನಾನೇನು ಮಾಡಲಿ? ಇದು ಅವಿಧೇಯತೆ ಆಗುವುದಾದರೆ ನಾವು ಮನೆಯಲ್ಲಿ ಮಾತಾಡುವುದೆಲ್ಲ ಅವಿಧೇಯತೆಯೇ.

ಸೇಂಟ್ ಬಾಯ್

ಟೋಕಿಯೋ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಮಾಡರ್ನ್ ಪೆಂಟಾಥ್ಲಾನ್ ಅಂತ ಐದು ಆಟಗಳ ಸ್ಪರ್ಧೆ, ಅದರಲ್ಲಿ ಆಗ ಕುದುರೆ ಹಾರಿಸುವುದೂ ಒಂದಾಗಿತ್ತು. ಅಲ್ಲಿ ಕುದುರೆ ತಮ್ಮದಾಗಿರುತ್ತಿರಲಿಲ್ಲ. ಚೀಟಿ ಎತ್ತಿ ಕೊಡುತ್ತಿದ್ದರು, ಪರಿಚಯ ಮಾಡಿಕೊಳ್ಳಲು 20 ನಿಮಿಷ. ನಮ್ಮ ಹಿಂದಿನ ಕಾಲದ ವಧುಪರೀಕ್ಷೆಗೂ ಇದಕ್ಕಿಂತ ಜಾಸ್ತಿ ಹೊತ್ತು ಸಿಗುತ್ತಿತ್ತು. ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಆಟಗಾರ್ತಿಗೆ ಸಿಕ್ಕಿದ್ದು ಸೇಂಟ್ ಬಾಯ್ ಅನ್ನುವ ಕುದುರೆ. ಅದು ಅದೇ ದಿನ ಹಿಂದಿನ ಸವಾರಿಣಿಯ ಕೆಳಗೂ ಹಾರಲು ಒಲ್ಲೆ ಅಂದಿತ್ತು. ಈಕೆಯ ಕೆಳಗೂ ಒಲ್ಲೆ ಅಂದಿತು. ಆಕೆ ಅಳುತ್ತ ಬೆತ್ತ ಬೀಸಿದರು. ಅವರ ಕೋಚ್ ಬೇಲಿಯಾಚೆಯಿಂದ ಕುದುರೆಗೆ ಗುದ್ದಿದರು. ಜಗತ್ತೆಲ್ಲ ನೋಡಿತು. ಕೋಚ್‌ಗೆ ಅನರ್ಹತೆ, ಆಕೆಯ ಪದಕದ ಆಸೆಯೂ ಹೋಯಿತು. ಕೊನೆಗೆ ಆ ಆಟದಿಂದ ಕುದುರೆಯನ್ನೇ ಕೈಬಿಟ್ಟರು. 2024ರ ಪ್ಯಾರಿಸ್ಸೇ ಕೊನೆ.

ಆ ಆಕೆಯ ಮೇಲೆ ಸಿಟ್ಟಾಗಲು ನನಗೆ ಆಗುವುದಿಲ್ಲ. ಎಷ್ಟೋ ವರ್ಷದ ದುಡಿಮೆ ಕಣ್ಣೆದುರು ಮಣ್ಣಾಗುತ್ತಿತ್ತು. ಆದರೆ ಆ ವಿಡಿಯೋ ಮತ್ತೆ ನೋಡಿದಾಗ ಸೇಂಟ್ ಬಾಯ್ ಬೇಲಿ ನೋಡುತ್ತಿರಲಿಲ್ಲ ಅನಿಸಿತು. ಅದರ ಕಿವಿಗಳು ಹಿಂದಕ್ಕಿದ್ದವು. ಬೆನ್ನ ಮೇಲಿನ ಅಳುವಿನ ಕಡೆಗೆ.

2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದದ್ದು ನಿಮಗೆ ನೆನಪಿರಬಹುದು. ಕುದುರೆಯ ಹೆಸರು ನೆನಪಿದೆಯಾ? ಸೆನ್ಯೋರ್ ಮೆಡಿಕಾಟ್. ನನಗೂ ಹುಡುಗಿ ಹೇಳಿದ ಮೇಲೆಯೇ ಗೊತ್ತಾದದ್ದು.

ಹಾವೇರಿ ದಾಟುವಾಗ

ವಾಪಸು ಬರುವ ರೈಲು ಹಾವೇರಿ ದಾಟುವಾಗ ಕಿಟಕಿಯಾಚೆ ಹೋರಿಗಳು ಕಂಡವು. ದೀಪಾವಳಿ ಆಗಿ ಸ್ವಲ್ಪ ದಿನ, ಹೋರಿ ಬೆದರಿಸುವ ಹಬ್ಬದ ಕಾಲ. ನಾನು ಚಿಕ್ಕವನಿದ್ದಾಗ ಸೋದರಮಾವನ ಊರಲ್ಲಿ ಕಟ್ಟೆ ಹತ್ತಿ ನೋಡಿದವನು. ಕೊಬ್ಬರಿ ಸರ, ಬಲೂನು, ರಿಬ್ಬನ್ನು ಕಟ್ಟಿದ ಹೋರಿ ಜನರ ನಡುವಿನ ಸಂದಿಯಲ್ಲಿ ಬಾಣದ ಹಾಗೆ ಬರುವುದನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದನ್ನು ಮಗನಂತೆ ಸಾಕುತ್ತಾರೆ, ತಾವು ತಿನ್ನದ್ದನ್ನು ಅದಕ್ಕೆ ತಿನ್ನಿಸುತ್ತಾರೆ, ಅದೂ ಗೊತ್ತು. ಆದರೂ ಮೊದಲ ಸಲ ಅನಿಸಿತು, ಹೋರಿ ಎಷ್ಟು ಚೆಂದ ಓಡಿತು ಅಂತ ನಾವು ಹೇಳುತ್ತೇವೆ. ಅದರ ಹೆಸರೇ ಬೆದರಿಸುವ ಸ್ಪರ್ಧೆ. ಬೆದರಿದ್ದು ಯಾರು ಅಂತ ಹೆಸರಿನಲ್ಲೇ ಇದೆ. ನಮ್ಮ ಕಡೆಯವರಾದರೂ ಅಷ್ಟನ್ನು ಮುಚ್ಚಿಡಲಿಲ್ಲ.

ಇದನ್ನು ಮಾವನ ಮಗನಿಗೆ ಫೋನಿನಲ್ಲಿ ಹೇಳಿದೆ. "ಬೆಂಗಳೂರಿಗೆ ಹೋಗಿ ಬಂದಿ ಅಂತ ಇಷ್ಟ ಮಾತಾ?" ಅಂದ. ಅಲ್ಲಿಗೆ ಆ ಮಾತು ನಿಂತಿತು.

ಹೋದ ವಾರ

ಹೋದ ವಾರ ನಮ್ಮ ಓಣಿಯಲ್ಲೊಂದು ಮದುವೆ. ರಾತ್ರಿ ಎಂಟಕ್ಕೆ ಮೆರವಣಿಗೆ. ಮುಂದೆ ಡಿಜೆ ಗಾಡಿ, ಎದೆ ಗುದ್ದುವ ಸದ್ದು. ಹಿಂದೆ ಬಿಳಿ ಕುದುರೆ, ಮೈತುಂಬ ಕನ್ನಡಿ ಚೂರಿನ ಜೂಲು, ಹಣೆಗೆ ಕೆಂಪು ತುರಾಯಿ. ಮೇಲೆ ಮದುಮಗ, ಅವನ ಮುಂದೆ ಒಬ್ಬ ಪುಟ್ಟ ಹುಡುಗ. ನಾನು ರೇಷ್ಮೆ ಅಂಗಿ ಹಾಕಿಕೊಂಡು ಹಿರಿಯರ ಸಾಲಿನಲ್ಲಿ ನಡೆಯುತ್ತಿದ್ದೆ. ಸರ್ಕಲ್ಲಿನ ಹತ್ತಿರ ಕುದುರೆ ನಿಂತಿತು. ಲಗಾಮು ಹಿಡಿದ ಹುಡುಗ ಎಳೆದ. ನಿಂತೇ ಇತ್ತು. ಹಿಂದಿನಿಂದ "ಹೊಡಿ ಹೊಡಿ" ಅಂದರು, ಯಾರೋ ಸೀಟಿ ಹಾಕಿದರು. ಮದುಮಗ ಎರಡೂ ಕೈಯಿಂದ ಜೀನು ಹಿಡಿದುಕೊಂಡ. ಕಿವಿಗಳು ಚೂಪಾಗಿ ಮುಂದಕ್ಕಿದ್ದವು.

ನಾನು ಸಾಲು ಬಿಟ್ಟು ಮುಂದೆ ಹೋದೆ. ಇದು ಗಿಡ್ಡ ಕುದುರೆ, ಬಗ್ಗಬಹುದು. ಅದರ ಕುತ್ತಿಗೆಯ ಪಕ್ಕ ನಿಂತು, ಕನ್ನಡಿ ಜೂಲು ಕೆನ್ನೆಗೆ ಚುಚ್ಚಿಸಿಕೊಂಡು, ಅದು ನೋಡುತ್ತಿದ್ದ ಕಡೆ ನೋಡಿದೆ. ರಸ್ತೆಯ ಮೇಲೆ ಹೊಸದಾಗಿ ಬಳಿದ ರೋಡ್ ಹಂಪಿನ ಹಳದಿ ಪಟ್ಟೆಗಳು. ಡಿಜೆ ಗಾಡಿಯ ದೀಪ ಬಣ್ಣ ಬದಲಿಸಿದಾಗಲೆಲ್ಲ ಆ ಪಟ್ಟೆಗಳು ಎದ್ದು ಎದ್ದು ಕೂರುತ್ತಿದ್ದವು. ನೋಡುತ್ತ ನಿಂತೆ. ಅದರ ಬಿಸಿ ಉಸಿರು ನನ್ನ ಭುಜದ ಮೇಲೆ ಬೀಳುತ್ತಿತ್ತು.

ಲಗಾಮು ಹಿಡಿದ ಹುಡುಗ ನನ್ನನ್ನೂ ರಸ್ತೆಯನ್ನೂ ಒಮ್ಮೆ ನೋಡಿದ. "ಏನ್ ಕಳಕೊಂಡ್ರಿ ಅಜ್ಜಾರ?" ಅಂದ. ತಾನೂ ಬಗ್ಗಿ ಹುಡುಕತೊಡಗಿದ.